ಭೌರಮ್ಮನ ದನಿ ಹಿಡಿದದ್ದು

ಹೀರಾಬಾಯಿಯ ಮೊಮ್ಮಗಳು ಭೌರಮ್ಮ ಮಾತು ಕಲಿತ ಮೇಲೆ ಮೊದಲ ಸಲ ಬಾಯಿ ಮುಚ್ಚಿದ್ದು ಆ ಶನಿವಾರ ಬೆಳಿಗ್ಗೆ, ಶ್ರೀಪಾದ ತನ್ನ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದ ಕ್ಷಣಕ್ಕೆ. ಅಲ್ಲಿಯ ತನಕ ಮಾದನಹಿಪ್ಪರಗಾದ ಆ ಓಣಿಯಲ್ಲಿ ಕೋಳಿಗಿಂತ ಮೊದಲು ಏಳುತ್ತಿದ್ದದ್ದು ಭೌರಮ್ಮನ ದನಿ. ಮೂರು ತುಂಬಿ ನಾಲ್ಕರಲ್ಲಿದ್ದ ಆ ಹುಡುಗಿ ಎಮ್ಮೆಯ ಜೊತೆ, ಬಾಗಿಲ ಚಿಲಕದ ಜೊತೆ, ಯಾರೂ ಸಿಗದಿದ್ದರೆ ತನ್ನ ಹೆಬ್ಬೆರಳಿನ ಜೊತೆಗಾದರೂ ಜಗಳ ತೆಗೆಯುವವಳು. "ಈಕಿ ಬಾಯಿಗೊಂದು ಮುಚ್ಚಳ ಮಾಡಸ್ರಿ" ಎಂದು ಹೋಗಿ ಬರುವವರೆಲ್ಲ ಹೀರಾಬಾಯಿಗೆ ಹೇಳುತ್ತಿದ್ದರು. ಆ ಮುಚ್ಚಳ ಮೈಸೂರಿನಿಂದ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಶ್ರೀಪಾದ ಮೈಸೂರಿನಲ್ಲಿ ಓದುತ್ತಿದ್ದದ್ದು ಮಾತು ಬಾರದವರಿಗೆ ಮಾತು ಕಲಿಸುವ, ತೊದಲುವವರ ನಾಲಿಗೆ ತಿದ್ದುವ ವಿದ್ಯೆ. ಬಿ.ಎಸ್ಸಿ. ಕೊನೆಯ ವರ್ಷ. ಆ ವಿದ್ಯೆಗೆ ಒಂದು ಉದ್ದನೆಯ ಹೆಸರಿತ್ತು. ಅದನ್ನು ಊರಿನಲ್ಲಿ ಹೇಳಿ ಹೇಳಿ ಅವನ ನಾಲಿಗೆಯೇ ತೊಡರಿಕೊಂಡು, ಕಡೆಗೆ "ಮಾತಿನ ಕೆಲಸ" ಎಂದು ಹೇಳಿ ಕೈತೊಳೆದುಕೊಂಡಿದ್ದ. "ಅಂದ್ರ ವಕೀಲಿ ಏನು?" ಎಂದು ಊರು ಕೇಳಿತ್ತು. ಅವನು ಉತ್ತರ ಕೊಡುವ ಮೊದಲೇ ಅವನ ತಾಯಿ ಜಾನಕೀಬಾಯಿ "ಹೌದ್ರಿ, ಹಾಂಗೇ ಅನ್ನಿ" ಎಂದುಬಿಟ್ಟಿದ್ದಳು.

ಈಗ ಅವನ ಮುಂದಿನ ಬದುಕೆಲ್ಲ ಒಂದು ಕ್ಯಾಸೆಟ್ಟಿನ ಮೇಲೆ ನಿಂತಿತ್ತು. ಅವನ ಪ್ರೊಫೆಸರ್ ನಂಜರಾಜಯ್ಯನವರು ಸಣ್ಣ ಮಕ್ಕಳು ಯಾವ ವಯಸ್ಸಿಗೆ ಯಾವ ಅಕ್ಷರ ಉಚ್ಚರಿಸುತ್ತಾರೆಂದು ಸಂಶೋಧನೆ ಮಾಡುತ್ತಿದ್ದರು. ಮೈಸೂರಿನ ಮಕ್ಕಳನ್ನು ಅಳೆದ ಕೋಲಿನಲ್ಲೇ ಗುಲಬರ್ಗಾ ಕಡೆಯ ಮಕ್ಕಳನ್ನೂ ಅಳೆಯುವುದು ಅನ್ಯಾಯ ಎಂಬುದು ಅವರ ಮತ. ಅವರಿಗೆ ಒಬ್ಬ ಸಹಾಯಕ ಬೇಕಿತ್ತು. ಆ ಜಾಗ ಸಿಕ್ಕವನಿಗೆ ಎಂ.ಎಸ್ಸಿ. ಸೀಟೂ ಸಿಕ್ಕಂತೆ. ಮಂಡ್ಯದ ಹುಡುಗನೊಬ್ಬ ಆಗಲೇ ತನ್ನ ಊರಿನ ಒಂದು ಮಗುವಿನ ಟೇಪು ತಂದುಕೊಟ್ಟಿದ್ದ. "ನೀನೂ ಒಂದು ತಾ. ಮಗು ತಾನಾಗಿ ಮಾತಾಡಬೇಕು, ಗೊತ್ತಾಯ್ತಾ? ಬಾಯಿಪಾಠ ಬೇಡ, ಹೇಳಿಕೊಟ್ಟಿದ್ದು ಬೇಡ, ಮಧ್ಯ ದೊಡ್ಡೋರು ಬಾಯಿ ಹಾಕೋದಂತೂ ಬೇಡವೇ ಬೇಡ" ಎಂದು ಪ್ರೊಫೆಸರರು ಅವನಿಗೆ ಹೇಳಿದ್ದರು. ಅವರು ಈ ದಿನ ಆಳಂದದ ಶಾಲೆಯೊಂದರಲ್ಲಿ ಕಿವಿ ಪರೀಕ್ಷೆಯ ಕ್ಯಾಂಪು ನಡೆಸುತ್ತಿದ್ದರು. ಸಂಜೆ ಜೀಪು ಹತ್ತಿ ಹೊರಡುವುದರೊಳಗೆ ಟೇಪು ಅವರ ಕೈ ಸೇರಬೇಕು. ಸೇರದಿದ್ದರೆ ಅಫಜಲಪುರದ ಸೋದರಮಾವನ ಬಟ್ಟೆ ಅಂಗಡಿ ಇದ್ದೇ ಇತ್ತು. ಅಲ್ಲಿ ಶ್ರೀಪಾದನಿಗಾಗಿ ಒಂದು ಗಾದಿಯನ್ನೂ ಒಂದು ಕತ್ತರಿಯನ್ನೂ ಮಾವ ಆಗಲೇ ತೆಗೆದಿರಿಸಿದ್ದ.

ಆದ್ದರಿಂದ ಶ್ರೀಪಾದ ಬೆಳಿಗ್ಗೆ ಎದ್ದವನೇ ಪಕ್ಕದ ಹೀರಾಬಾಯಿಯ ಮನೆಗೆ ಹೋಗಿ, ಪಡಸಾಲೆಯಲ್ಲಿ ಕಂಬಳಿ ಹಾಸಿ, ಭೌರಮ್ಮನನ್ನು ಎದುರಿಗೆ ಕೂರಿಸಿಕೊಂಡು, ಗುಂಡಿ ಒತ್ತಿದ.

"ನಿನ್ನ ಹೆಸರೇನವ್ವ?"

"ಭೌರಮ್ಮ," ಎಂದಳು ಹೀರಾಬಾಯಿ.

"ಮುಂಜಾನಿ ಏನ್ ತಿಂದಿ?"

"ರೊಟ್ಟಿ, ಮೊಸರ. ರೊಟ್ಟಿ ಅರ್ಧಾ ಬಿಟ್ಟಾಳ," ಎಂದಳು ಮಗನ ಹಿಂದೆಯೇ ಬಂದಿದ್ದ ಜಾನಕೀಬಾಯಿ. ಪಕ್ಕದ ಮನೆಯವಳಿಗೆ ಅದು ಹೇಗೆ ಗೊತ್ತೆಂದು ಯಾರೂ ಕೇಳಲಿಲ್ಲ.

ಶ್ರೀಪಾದ ಟೇಪು ನಿಲ್ಲಿಸಿ ಹೀರಾಬಾಯಿಯ ಕಡೆ ತಿರುಗಿದ. "ಆಯಿ, ನೀವು ಹೇಳಬ್ಯಾಡ್ರಿ. ಆಕಿ ಹೇಳ್ಬೇಕು."

"ನಾ ಎಲ್ಲಿ ಹೇಳ್ದೆ ತಮ್ಮಾ? ಆಕಿಗಿ ಹೇಳು ಅಂತ ಹೇಳ್ದೆ," ಎಂದಳು ಹೀರಾಬಾಯಿ, ಮನಸ್ಸಿಗೆ ನೋವಾದವಳಂತೆ.

ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಶುರುಮಾಡಿದ. ಈ ಸಲ ಹೀರಾಬಾಯಿ ಬಾಯಿಗೆ ಸೆರಗು ಹಿಡಿದು ಕುಳಿತಳು. "ನಿಮ್ಮ ಎಮ್ಮಿ ಹಾಲು ಕೊಡ್ತದೇನು?" ಎಂದು ಶ್ರೀಪಾದ ಕೇಳಿದ. ಎಮ್ಮೆಯ ವಿಷಯ ಬಂದ ಕೂಡಲೇ ಸೆರಗು ತಾನಾಗಿ ಜಾರಿತು. ಎಷ್ಟು ಕೊಡುತ್ತದೆ, ಯಾವಾಗ ಒದೆಯುತ್ತದೆ, ಅದನ್ನು ಮಾರಿದವನು ಎಂಥ ಲಫಂಗ ಎಂಬುದೆಲ್ಲ ಟೇಪಿಗೆ ಹೋಯಿತು. ಭೌರಮ್ಮ ಮಾತ್ರ ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ತಿರುಗುವ ಕ್ಯಾಸೆಟ್ಟನ್ನೇ ನೋಡುತ್ತಿದ್ದಳು.

ತಪ್ಪು ಹೀರಾಬಾಯಿಯದಲ್ಲ. ಮನೆಗೆ ಬಂದವರು ಮಗುವನ್ನು ಒಂದು ಮಾತು ಕೇಳಿದರೆ ಅದಕ್ಕೆ ದೊಡ್ಡವರು ಉತ್ತರ ಕೊಡುವುದು ಆ ಕಡೆಯ ಮರ್ಯಾದೆ. ಕೇಳಿದವರನ್ನು ಕಾಯಿಸಬಾರದಲ್ಲ. ಶ್ರೀಪಾದ ಬೆಳೆದದ್ದೂ ಹಾಗೆಯೇ. ಮೆಟ್ರಿಕ್ ಮುಗಿಯುವ ತನಕ ಅವನು ತನ್ನ ಹೆಸರನ್ನು ಯಾರಿಗೂ ತಾನೇ ಹೇಳಿದವನಲ್ಲ. ಮೈಸೂರಿನ ಸಂದರ್ಶನಕ್ಕೂ ಜಾನಕೀಬಾಯಿ ಜೊತೆಗೆ ಹೋಗಿದ್ದಳು. "ಈ ವಿಷಯ ಯಾಕಪ್ಪಾ ಆರಿಸಿಕೊಂಡೆ?" ಎಂದು ನಂಜರಾಜಯ್ಯನವರು ಕೇಳಿದಾಗ, ಬಾಗಿಲ ಹೊರಗಿನಿಂದ "ಮೆಡಿಕಲ್ ಸಿಗಲಿಲ್ರಿ, ಅದಕ್ಕ" ಎಂಬ ಉತ್ತರ ಬಂದಿತ್ತು. ಅಷ್ಟಾದರೂ ಸೀಟು ಕೊಟ್ಟ ಪುಣ್ಯಾತ್ಮರು ಅವರು. ಅವರೆದುರು ಮತ್ತೆ ತಲೆ ತಗ್ಗಿಸಬಾರದೆಂದು ಶ್ರೀಪಾದನಿಗೆ ಹಟವಿತ್ತು.

ಹಿಂದಕ್ಕೆ ಸುತ್ತಿ ಮುಂದಕ್ಕೆ ಸುತ್ತಿ ಹತ್ತು ಗಂಟೆಯ ಹೊತ್ತಿಗೆ ಸೆಲ್ಲುಗಳು ಸೋತವು. ಊರಿನಲ್ಲಿ ಕರೆಂಟು ಹೋಗಿ ಎರಡು ದಿನವಾಗಿತ್ತು. ಜಾನಕೀಬಾಯಿ ಮಗನನ್ನು ಕೇಳದೆಯೇ ಬುರಾನುದ್ದೀನನಿಗೆ ಹೇಳಿ ಕಳಿಸಿದಳು.

ಬುರಾನುದ್ದೀನ ಊರಿನ ಮೈಕ್ ಸೆಟ್ಟಿನ ಮಾಲಕ. ಲಗ್ನ, ಉರುಸು, ಇಲೆಕ್ಷನ್ನು ಯಾವುದಿದ್ದರೂ ಅವನ ದನಿ ಇಲ್ಲದೆ ಶುರುವಾಗುತ್ತಿರಲಿಲ್ಲ. ಬ್ಯಾಟರಿ ಒಂದನ್ನೇ ತಾ ಎಂದರೆ ಅವನಿಗೆ ಅವಮಾನ. ಬ್ಯಾಟರಿಯ ಜೊತೆಗೆ ಆಂಪ್ಲಿಫೈಯರು, ತುತ್ತೂರಿಯಂಥ ಭೋಂಗಾ, ವೈರಿನ ಸುರುಳಿ ಎಲ್ಲ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದ.

"ಫಿಕರ್ ಮಾಡಬ್ಯಾಡ್ರಿ ಶ್ರೀಪಾದರಾಯರ. ದನಿ ತುಂಬೋದು ನಂಗ ಬಿಡ್ರಿ."

"ಬುರಾನ್ ಚಾಚಾ, ನಂಗ ಭೋಂಗಾ ಬ್ಯಾಡ. ಸದ್ದು ಇರಬಾರದು, ಅಷ್ಟೇ."

"ಸದ್ದು ಇರಬಾರದಾ? ಬಿಲ್ಕುಲ್ ಇರಂಗಿಲ್ಲ," ಎಂದ ಬುರಾನುದ್ದೀನ. ಅವನು ಭೋಂಗಾವನ್ನು ಮಾಳಿಗೆಯ ಮೇಲೆ ಕಟ್ಟಿ, ಮೈಕನ್ನು ಎರಡು ಸಲ ಊದಿದ. "ಹಲೋ, ಹಲೋ. ಮಹಾಜನರಲ್ಲಿ ವಿನಂತಿ. ಮೈಸೂರಿನಿಂದ ಬಂದ ಮಾತಿನ ಡಾಕ್ಟರ್ ಶ್ರೀಪಾದರಾಯರು ಹೀರಾಬಾಯಿಯವರ ಮನಿಯೊಳಗ ಸಣ್ಣ ಹುಡುಗಿ ದನಿ ತುಂಬಾಕತ್ತಾರ. ಆ ಕಡೆ ಯಾರೂ ಬರಬಾರದು. ಗದ್ದಲ ಮಾಡಬಾರದು. ಹೀರಾಬಾಯಿಯವರ ಮನಿ, ಹನುಮಪ್ಪನ ಗುಡಿ ಹಿಂದ."

ವಿಳಾಸ ಸಿಕ್ಕ ಮೇಲೆ ಊರು ಸುಮ್ಮನಿರುತ್ತದೆಯೆ? ಸ್ವಲ್ಪ ಹೊತ್ತಿನಲ್ಲೇ ಪಡಸಾಲೆ ತುಂಬಿತು. ಎಲ್ಲರಿಗಿಂತ ಮುಂದೆ ನಿಂತವಳು ಸುಭದ್ರಾಬಾಯಿ, ಅವಳ ಹಿಂದೆ ಗಂಡ ದೌಲತರಾಯ. ಐವತ್ತು ಎಕರೆಯ ಧಣಿ, ನೋಡಲು ಆಜಾನುಬಾಹು.

"ಇವರು ಮನ್ಯಾಗ ಒಂದು ಮಾತ್ ಆಡಂಗಿಲ್ಲ ತಮ್ಮಾ. ಏನಾಗ್ಯಾದ ನೋಡಪ್ಪ," ಎಂದಳು ಸುಭದ್ರಾಬಾಯಿ.

"ಯಾಕ್ರಿ ದೌಲತರಾಯರ, ಗಂಟಲ ನೋವೇನ್ರಿ?"

ದೌಲತರಾಯರು ಬಾಯಿ ತೆರೆದರು.

"ನೋವೇನಿಲ್ಲ. ಊಟಾ ಚಲೋ ಮಾಡ್ತಾರ," ಎಂದಳು ಸುಭದ್ರಾಬಾಯಿ.

"ಎಷ್ಟು ದಿನ ಆತ್ರಿ ಹೀಂಗಾಗಿ?"

ದೌಲತರಾಯರು ಮತ್ತೆ ಬಾಯಿ ತೆರೆದರು.

"ಲಗ್ನ ಆದಾಗಿಂದ," ಎಂದಳು ಸುಭದ್ರಾಬಾಯಿ. ಶ್ರೀಪಾದ ಕೈಮುಗಿದು, ಇದು ತನ್ನ ಓದಿಗೆ ಮೀರಿದ ರೋಗವೆಂದು ಒಪ್ಪಿಕೊಂಡ. ದೌಲತರಾಯರು ಕಣ್ಣಲ್ಲೇ ಅವನಿಗೆ ಉಪಕಾರ ಹೇಳಿದಂತೆ ಕಂಡಿತು.

ಈ ಜಾತ್ರೆ ನೋಡಿದ ಭೌರಮ್ಮ ಜೋಳದ ಚೀಲಗಳ ಹಿಂದೆ ಹೋಗಿ ಅಡಗಿಕೊಂಡಳು. ಮಧ್ಯಾಹ್ನ ಸಮೀಪಿಸಿತು. ಆಳಂದದ ಬಸ್ಸು ಎರಡು ಗಂಟೆಗೆ. ಮಾವನ ಗಾದಿ ಶ್ರೀಪಾದನ ಕಣ್ಣೆದುರು ಬಂದು ಬಂದು ಹೋಗತೊಡಗಿತು.

ಕಡೆಗೆ ಅವನಿಗೊಂದು ಉಪಾಯ ಹೊಳೆಯಿತು. ಬ್ಯಾಟರಿ ಹೋದಲ್ಲಿ ಬುರಾನುದ್ದೀನ ಹೋಗುತ್ತಾನೆ, ಬುರಾನುದ್ದೀನ ಹೋದಲ್ಲಿ ಊರು ಹೋಗುತ್ತದೆ. ಆದ್ದರಿಂದ ಬ್ಯಾಟರಿಯೇ ಬೇಡ. ಬಿಸಿಲಿನಲ್ಲಿ ಕಾಯಿಸಿಟ್ಟಿದ್ದ ಹಳೆಯ ಸೆಲ್ಲುಗಳನ್ನೇ ಹಾಕಿಕೊಂಡು, ಎಲ್ಲರೂ ಚಹಾ ಕುಡಿಯುವ ಹೊತ್ತು ನೋಡಿ, ಭೌರಮ್ಮನನ್ನು ಎತ್ತಿಕೊಂಡು ಹಿತ್ತಲ ದನದ ಕೊಟ್ಟಿಗೆಗೆ ಸೇರಿ ಒಳಗಿನಿಂದ ಅಗಳಿ ಹಾಕಿಬಿಟ್ಟ. ಮಣ್ಣೆತ್ತಿನ ಅಮಾವಾಸ್ಯೆ ಆಗಿ ಇನ್ನೂ ವಾರ ತುಂಬಿರಲಿಲ್ಲ. ಪೂಜೆ ಮುಗಿದ ಮಣ್ಣಿನ ಎತ್ತೊಂದು ಗೋಡೆಯ ಗೂಡಿನಲ್ಲಿ ಕುಳಿತಿತ್ತು, ಒಂದು ಕೊಂಬು ಮುರಿದಿತ್ತು. ಅದನ್ನು ಇಳಿಸಿ ಭೌರಮ್ಮನ ಮುಂದಿಟ್ಟ. ಅವಳು ಹೆಬ್ಬೆರಳು ಹೊರಗೆ ತೆಗೆದಳು.

ಶ್ರೀಪಾದ ಟೇಪನ್ನು ಮೊದಲಿಗೆ ಸುತ್ತಿ, ಗುಂಡಿ ಒತ್ತಿ, "ನೋಡವ್ವ, ಯಾರು ಬಂದಾರ" ಎಂದ. ಎತ್ತನ್ನು ಕೈಯಲ್ಲಿ ಹಿಡಿದು, ದನಿ ಸಣ್ಣ ಮಾಡಿ ಎತ್ತಾಗಿ ಮಾತಾಡಿದ.

"ನಂಗ ಹತಿವು ಆಗ್ಯಾದ. ಲೊಟ್ಟಿ ಕೊಡ್ತೀ?"

ಎತ್ತು ತೊದಲಬೇಕೆಂದು ಎಲ್ಲೂ ನಿಯಮವಿಲ್ಲ. ಆದರೆ ಎಳೆಯ ಮಗುವಿನ ಎದುರು ಯಾರ ನಾಲಿಗೆಯೂ ತಾನಾಗಿ ಮೆತ್ತಗಾಗುತ್ತದೆ. ಭೌರಮ್ಮ ನಕ್ಕಳು. ಒಂದು ಹುಲ್ಲಿನ ಕಡ್ಡಿ ತಂದು ಎತ್ತಿನ ಬಾಯಿಗೆ ಹಿಡಿದಳು. ಶ್ರೀಪಾದ ತನ್ನ ದನಿಯಲ್ಲಿ "ಏನ್ ಕೊಟ್ಟಿ? ಹುಲ್ಲು ಕೊಟ್ಟೇನು? ಹಾಂ, ಹುಲ್ಲು ಕೊಟ್ಟಿ" ಎಂದ. ಎತ್ತಿನ ದನಿಯಲ್ಲಿ "ನನ್ನ ಕೊಂಬು ಮುಲಿದದ" ಎಂದ. ಭೌರಮ್ಮ ಅಯ್ಯೋ ಪಾಪ ಎನ್ನುವ ಮುಖ ಮಾಡಿ ಮುರಿದ ಕೊಂಬಿಗೆ ಉಗುಳು ಹಚ್ಚಿದಳು. "ನೋವಾಗ್ಯಾದೇನು ಅದಕ್ಕ? ಭಾಳ ನೋವಾಗ್ಯಾದ" ಎಂದ ಶ್ರೀಪಾದ. ಹೀಗೆ ಅರ್ಧ ಗಂಟೆ. ಹುಡುಗಿಯ ಕಣ್ಣು ಮಾತಾಡಿತು, ಕೈ ಮಾತಾಡಿತು, ಕತ್ತು ಮಾತಾಡಿತು. ಶ್ರೀಪಾದನಿಗೆ ಹುರುಪೋ ಹುರುಪು. ಇಷ್ಟು ಚಂದದ ಸಂಭಾಷಣೆಯನ್ನು ತಾನು ಜನ್ಮದಲ್ಲಿ ಮಾಡಿರಲಿಲ್ಲ ಎನಿಸಿತು. ಸೆಲ್ಲು ಸೋತು ಕ್ಯಾಸೆಟ್ಟು ನಿಧಾನ ತಿರುಗುತ್ತಿದ್ದುದರ ಕಡೆಗೆ ಅವನ ಲಕ್ಷ್ಯವೇ ಇರಲಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಟೇಪನ್ನು ಒಮ್ಮೆ ಕೇಳಿ ನೋಡುವಷ್ಟೂ ಸಮಯವಿರಲಿಲ್ಲ.

ಬಸ್ಸು ಹತ್ತಿ ಕೂತು ಹಿಂದೆ ನೋಡಿದರೆ ಜಾನಕೀಬಾಯಿ, ಹೀರಾಬಾಯಿ, ಬುರಾನುದ್ದೀನ, ಹೀರಾಬಾಯಿಯ ತೊಡೆಯ ಮೇಲೆ ಭೌರಮ್ಮ.

"ನೀವೆಲ್ಲ ಎಲ್ಲಿಗಿ?" ಎಂದು ಶ್ರೀಪಾದ ಅಳುಮೋರೆ ಮಾಡಿದ.

"ನನ್ನ ಮೊಮ್ಮಗಳ ದನಿ ನಾ ಕೇಳಬ್ಯಾಡೇನು?" ಎಂದಳು ಹೀರಾಬಾಯಿ. ಜಾನಕೀಬಾಯಿಯ ಕೈಯಲ್ಲಿ ಪ್ರೊಫೆಸರರಿಗೆಂದು ಶೇಂಗಾ ಹೋಳಿಗೆಯ ಡಬ್ಬಿ ಇತ್ತು. ಬುರಾನುದ್ದೀನ ತಾನು ಯಾಕೆ ಬಂದೆನೆಂದು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಮಷೀನು ಚೀಲದೊಳಗೆ ಹೋದದ್ದೇ ತಡ, ಭೌರಮ್ಮನ ಬಾಯಿ ತೆರೆಯಿತು. ಕಂಡಕ್ಟರನಿಗೆ ಅವನ ಮೀಸೆ ಯಾಕೆ ಹಾಗಿದೆ ಎಂದು ಕೇಳಿದಳು. ಮುಂದಿನ ಸೀಟಿನವರ ಕೋಳಿಗೆ ಹೆಸರಿಟ್ಟಳು. ಆಳಂದ ಬರುವ ತನಕ ಒಂದು ನಿಮಿಷ ಬಿಡುವಿಲ್ಲದೆ, ಎಲ್ಲ ಅಕ್ಷರಗಳನ್ನೂ ಸ್ಪಷ್ಟವಾಗಿ ಉಚ್ಚರಿಸುತ್ತ, ತಾನಾಗಿ ಮಾತಾಡಿದಳು. ಶ್ರೀಪಾದ ತೊಡೆಯ ಮೇಲಿನ ಚೀಲ ಅಪ್ಪಿಕೊಂಡು, ಇದರಲ್ಲಿ ಇರುವುದು ಇದಕ್ಕಿಂತ ಚಲೋ ಇದೆ ಎಂದು ಸಮಾಧಾನ ಮಾಡಿಕೊಂಡ.

ಕ್ಯಾಂಪು ಮುಗಿದಿತ್ತು. ಶಾಲೆಯ ಕೋಣೆಯಲ್ಲಿ ನಂಜರಾಜಯ್ಯನವರು ಒಬ್ಬರೇ ಕುಳಿತು ಸಾಮಾನು ಕಟ್ಟುತ್ತಿದ್ದರು, ಹೊರಗೆ ಜೀಪು ನಿಂತಿತ್ತು. "ಬಂದೆಯಾ? ಹಾಕು, ಕೇಳೋಣ" ಎಂದರು. ಅಲ್ಲಿ ಕರೆಂಟಿತ್ತು. ಬುರಾನುದ್ದೀನ ಯಾರೂ ಹೇಳದೆಯೇ ಮಷೀನಿನ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಟೇಪನ್ನು ಹಿಂದಕ್ಕೆ ಸುತ್ತಿ, ಗುಂಡಿ ಒತ್ತಿದ.

ಸೋತ ಸೆಲ್ಲಿನಲ್ಲಿ ನಿಧಾನವಾಗಿ ತುಂಬಿಕೊಂಡದ್ದು ಈಗ ಪೂರ್ತಿ ಕರೆಂಟಿನಲ್ಲಿ ಜೋರಾಗಿ ತಿರುಗಿತು. ಮೊದಲು ಒಬ್ಬ ಹೆಂಗಸಿನ ದನಿ ಕೇಳಿತು. ಆಮೇಲೆ ಎಳೆಯ ಮಗುವಿನ ದನಿ, ಗುಬ್ಬಿಯ ಹಾಗೆ, "ನಂಗ ಹತಿವು ಆಗ್ಯಾದ. ಲೊಟ್ಟಿ ಕೊಡ್ತೀ?"

ಪ್ರೊಫೆಸರರು ಕನ್ನಡಕ ತೆಗೆದು ಮುಂದೆ ಬಾಗಿದರು. "ಆ ಹೆಂಗಸು ಯಾರು? ಅವರು ಬಾಯಿ ಹಾಕಬಾರದಿತ್ತು. ಹೋಗ್ಲಿ ಬಿಡು. ಮಗುವನ್ನ ಕೇಳು. ಸಕಾರ ಇಲ್ಲ. ರಕಾರ ಇಲ್ಲ. ಆದರೆ ವಾಕ್ಯ ನೋಡು, ಎಂಟು ವರ್ಷದ ಮಗು ಆಡೋ ಹಾಗೆ ಆಡ್ತಾಳೆ." ಟೇಪು "ನನ್ನ ಕೊಂಬು ಮುಲಿದದ" ಎಂದಿತು. "ತನಗೆ ಕೊಂಬಿದೆ ಅಂತಾಳಲ್ಲಯ್ಯ. ಎಂಥ ಕಲ್ಪನಾಶಕ್ತಿ. ಇಂಥ ಕೇಸು ನಾನು ನನ್ನ ಸರ್ವೀಸಿನಲ್ಲಿ ನೋಡಿಲ್ಲ. ಮಂಡ್ಯದವನ ಟೇಪು ಬದಿಗಿಡೋಣ. ಕೆಲಸ ನಿನ್ನದೇ. ಎಂ.ಎಸ್ಸಿ. ಪ್ರಬಂಧಕ್ಕೂ ಈ ಮಗುವೇ ಆಯಿತು. ಮೈಸೂರಿಗೆ ಕರೆದುಕೊಂಡು ಬಾ, ಒಂದು ವರ್ಷ ಇಟ್ಟುಕೊಂಡು ನಾಲಿಗೆ ತಿದ್ದೋಣ."

ಶ್ರೀಪಾದನಿಗೆ ಎರಡೂ ದನಿಗಳ ಗುರುತು ಸಿಕ್ಕಿತು. ಆ ಹೆಂಗಸು ತಾನು. ಆ ಮಗುವೂ ತಾನು. ಟೇಪು ಮುಂದುವರಿಯುತ್ತಿತ್ತು, ಅದರಲ್ಲಿ ಭೌರಮ್ಮನದು ಅಂತ ಒಂದು ಕೆಮ್ಮು ಕೂಡ ಇರಲಿಲ್ಲ. ಬೆಳಗಿನಿಂದ ಆಯಿಗೆ, ಅವ್ವನಿಗೆ, ಊರಿಗೆಲ್ಲ ಬುದ್ಧಿ ಹೇಳಿ, ಬಾಗಿಲು ಹಾಕಿಕೊಂಡು ಒಳಗೆ ತಾನು ಮಾಡಿದ್ದು ಅದನ್ನೇ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಆದರೂ ಕೆಲಸ ನಿನ್ನದೇ ಎಂದ ಮಾತು ಅವನ ಕಿವಿಯಲ್ಲೇ ಇತ್ತು. ನಿಜ ಹೇಳಬೇಕು. ಹೇಳಿದರೆ ಗಾದಿ ಮತ್ತು ಕತ್ತರಿ. ಬೇರೆ ಯಾರಾದರೂ ತನ್ನ ಪರವಾಗಿ ಉತ್ತರ ಕೊಟ್ಟರೆ ಚೆನ್ನಾಗಿತ್ತು ಎಂದು ಅವನಿಗೆ ಜೀವನದಲ್ಲಿ ಮೊದಲ ಸಲ ಅನಿಸಿತು. ಆ ಹೊತ್ತಿಗೆ ಸರಿಯಾಗಿ ಎಲ್ಲರೂ ಸುಮ್ಮನಿದ್ದರು.

ಸುಮ್ಮನಿರಲಾರದವಳು ಹೀರಾಬಾಯಿ. "ಏನಂತೀರ್ರಿ ಸಾಹೇಬರ? ನನ್ನ ಮೊಮ್ಮಗಳ ನಾಲಿಗಿ ತಿದ್ದಬೇಕಾ? ಆಕಿ ನಾಲಿಗಿ ಹರಿತ ಕತ್ತಿ ಹಾಂಗ ಅದ."

"ಹಾಗಲ್ಲಮ್ಮ, ಮಗುವಿಗೆ ಸಕಾರ..."

"ಅದು ನಾ ಅಲ್ಲ," ಎಂದಿತು ಒಂದು ಸಣ್ಣ ದನಿ. ಭೌರಮ್ಮ ಹೆಬ್ಬೆರಳು ತೆಗೆದು ಮಷೀನಿನ ಕಡೆ ತೋರಿಸುತ್ತಿದ್ದಳು. "ಅದು ಎತ್ತು. ಎತ್ತಿಗಿ ಮಾತ್ ಬರಂಗಿಲ್ಲ. ಈ ಶ್ರೀಪಾದ ಕಾಕಾ ಮಾತಾಡಿದ. ನಾ ಹುಲ್ಲು ಹಾಕಿದೆ. ಕಾಕಾಗ ಸರಿ ಮಾತಾಡಾಕ ಬರಂಗಿಲ್ಲ, ರೊಟ್ಟಿಗಿ ಲೊಟ್ಟಿ ಅಂತಾನ."

ಸಕಾರ, ರಕಾರ ಎರಡೂ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿದ್ದವು. ಪ್ರೊಫೆಸರರು ಟೇಪನ್ನು ಆರಿಸಿದರು.

"ಏನಯ್ಯಾ ಇದು? ಯಾಕೆ ಹೀಗೆ ಮಾಡಿದೆ?"

ಶ್ರೀಪಾದ ಬಾಯಿ ತೆರೆದ.

"ಹುಡುಗಿ ಮಾತಾಡಲಿಲ್ರಿ, ಅದಕ್ಕ ಮಾಡ್ಯಾನ. ಮೋಸಾ ಮಾಡೋ ಪೈಕಿ ಅಲ್ರಿ ಅವನು," ಎಂದಳು ಜಾನಕೀಬಾಯಿ.

"ಸೆಲ್ ವೀಕ್ ಇದ್ದವ್ರಿ," ಎಂದ ಬುರಾನುದ್ದೀನ.

"ಸಣ್ಣಾಂವ ಇದ್ದಾಗಿಂದ ಹಾಂಗೇ ಅದಾನ್ರಿ," ಎಂದಳು ಹೀರಾಬಾಯಿ.

"ನಾನು ಹುಡುಗನ್ನ ಕೇಳ್ತಾ ಇದ್ದೀನಿ," ಎಂದರು ಪ್ರೊಫೆಸರರು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಬಹುಶಃ ಬಾಗಿಲ ಹೊರಗಿನಿಂದ ಉತ್ತರ ಬಂದ ಆ ಸಂದರ್ಶನ ನೆನಪಾಯಿತೇನೋ, ಅವರ ತುಟಿಯ ಮೇಲೆ ಸಣ್ಣ ನಗು ಬಂತು. ನಂಜರಾಜಯ್ಯನವರು ನಿಜವಾಗಿ ಒಳ್ಳೆಯವರು.

"ಕೇಳಯ್ಯಾ. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳೋಕೂ ಆಗ್ತಿಲ್ಲ. ಜೀಪು ಹೊರಡೋ ಹೊತ್ತಾಯ್ತು, ಆದರೂ ಒಂದು ಕೊನೇ ಅವಕಾಶ ಕೊಡ್ತೀನಿ. ಕ್ಯಾಸೆಟ್ಟಿನ ತುದೀಲಿ ಇನ್ನೊಂದು ಚೂರು ಖಾಲಿ ಇದೆ. ಈ ಮಗು ಅದರಲ್ಲಿ ತಾನಾಗಿ ತನ್ನ ಹೆಸರೊಂದು ಹೇಳಲಿ ಸಾಕು. ಅಷ್ಟಾದರೆ ನಿನ್ನ ಊರಿನ ಮಕ್ಕಳ ದನಿ ಹಿಡಿಯೋಕೆ ನಿನ್ನಿಂದ ಆಗುತ್ತೆ ಅಂತ ನಂಬ್ತೀನಿ, ಕೆಲಸ ನಿನಗೇ. ಮಧ್ಯ ಯಾರಾದರೂ ಬಾಯಿ ಹಾಕಿದರೆ ಮಂಡ್ಯದವನಿಗೆ."

ಹೀರಾಬಾಯಿ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಜಾನಕೀಬಾಯಿ ಡಬ್ಬಿ ತೆಗೆದು ಒಂದು ಇಡೀ ಶೇಂಗಾ ಹೋಳಿಗೆ ಬಾಯಿಗೆ ಹಾಕಿಕೊಂಡಳು. ಬುರಾನುದ್ದೀನ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತ. ತನಗಾಗಿ ಇವರು ಇಷ್ಟು ಕಷ್ಟಪಡುತ್ತಿರುವುದನ್ನು ಕಂಡು ಶ್ರೀಪಾದನಿಗೆ ಕಣ್ಣು ತುಂಬಿ ಬಂತು.

ಪ್ರೊಫೆಸರರು ಟೇಪನ್ನು ತುದಿಯ ತನಕ ಮುಂದಕ್ಕೆ ಸುತ್ತಿ, ಕೆಂಪು ಗುಂಡಿ ಒತ್ತಿ, ಭೌರಮ್ಮನ ಎದುರು ಕುಕ್ಕುರುಗಾಲಲ್ಲಿ ಕುಳಿತರು.

"ನಿನ್ನ ಹೆಸರೇನಮ್ಮಾ?"

ಭೌರಮ್ಮ ಅವರ ಮುಖ ನೋಡಿದಳು. ತಿರುಗುವ ಕ್ಯಾಸೆಟ್ಟನ್ನು ನೋಡಿದಳು. ಹೊರಗೆ ಜೀಪಿನವನು ಹಾರ್ನು ಹೊಡೆದ, ಯಾರೂ ಅಲುಗಲಿಲ್ಲ. ಅವಳು ಹೆಬ್ಬೆರಳನ್ನು ಬಾಯಿಂದ ತೆಗೆದು ಲಂಗಕ್ಕೆ ಒರೆಸಿಕೊಂಡಳು. ತುಟಿ ನೆಕ್ಕಿಕೊಂಡಳು. ಉಸಿರು ಎಳೆದುಕೊಂಡು, ಬಾಯಿ ತೆರೆದಳು.

"ಭೌರಮ್ಮ ಅಂತ್ರಿ ಸರ್," ಎಂದ ಶ್ರೀಪಾದ.

ಭೌರಮ್ಮ ಬಾಯಿ ಮುಚ್ಚಿಕೊಂಡಳು. ಟೇಪು ಮುಗಿದು, ಗುಂಡಿ ಟಕ್ಕೆಂದು ತಾನಾಗಿಯೇ ಮೇಲೆ ಬಂತು.